ಮಲೆನಾಡಿನ ಮಳೆಯಲ್ಲಿ ಕತ್ತೆಗಳ ಜಂತುಹುಳ: ಹಿಡಿತಕ್ಕೆ ತರುವ ಕೆಲಸ, ಹಂತ ಹಂತವಾಗಿ

ಪುಷ್ಯ ಮಳೆ ಹಿಡಿದಿದ್ದ ದಿನ. ಕೊಟ್ಟಿಗೆಯ ಮೂಲೆಯಲ್ಲಿ ಐದು ತಿಂಗಳ ಹೆಣ್ಣುಮರಿ ಕಿವಿ ಇಳಿಬಿಟ್ಟು ನಿಂತಿತ್ತು. ಬೆನ್ನು ಸವರಿದರೆ ಮೂಳೆ ಕೈಗೆ ತಾಗುತ್ತಿತ್ತು, ಹೊಟ್ಟೆ ಮಾತ್ರ ಗುಡಾಣದ ಹಾಗಿತ್ತು. ಆ ಹೊಟ್ಟೆ ನೋಡಿ "ಚೆನ್ನಾಗಿ ಮೇಯ್ತಾ ಇದೆ" ಅಂತ ಹಿಂದಿನ ವಾರವಷ್ಟೇ ಖುಷಿಪಟ್ಟಿದ್ದೆ. ಮುಂಚಿನ ದಿನ ಸಂಜೆ ಯಾಕೋ ಅನುಮಾನ ಬಂದು, ದನಕ್ಕೆಂದು ತಂದಿಟ್ಟಿದ್ದ ಜಂತುಹುಳದ ಔಷಧಿಯನ್ನು ಕಣ್ಣಂದಾಜಿನಲ್ಲಿ ಕುಡಿಸಿದ್ದೆ. ಮಧ್ಯಾಹ್ನ ಮರಿ ಬಿದ್ದು ಹೊರಳಾಡಿತು. ಡಾಕ್ಟರ್ ಬರುವಷ್ಟರಲ್ಲಿ ಕೈಮೀರಿತ್ತು.

ಹೊಟ್ಟೆ ಕೊಯ್ದು ನೋಡಿದಾಗ ಸಣ್ಣ ಕರುಳಿನ ಒಂದು ಕಡೆ ಬಿಳಿ ಹುಳಗಳು ಹಗ್ಗ ಹೊಸೆದಂತೆ ಸುತ್ತಿಕೊಂಡು ಕೂತಿದ್ದವು. ಒಂದೊಂದೂ ಗೇಣಿಗಿಂತ ಉದ್ದ, ಪೆನ್ಸಿಲ್ ದಪ್ಪ. "ಔಷಧಿಗೆ ಎಲ್ಲ ಒಟ್ಟಿಗೇ ಮರಗಟ್ಟಿವೆ ನೋಡಿ, ಕರುಳು ಕಟ್ಟಿಹೋಗಿದೆ. ಕೊಡೋಕೆ ಮುಂಚೆ ಒಂದ್ಸಲ ಲದ್ದಿ ಪರೀಕ್ಷೆ ಮಾಡಿಸಬೇಕಿತ್ತು ಕಣ್ರೀ" ಅಂದರು ಡಾಕ್ಟರ್. ಅವತ್ತಿನಿಂದ ನಾನು ಲದ್ದಿ ನೋಡದೆ ಔಷಧಿ ಬಾಟಲಿಯ ಮುಚ್ಚಳ ತೆಗೆದಿಲ್ಲ. ಈ ಬರಹದ ತಿರುಳೂ ಅದೇ. ಮೊದಲು ಲದ್ದಿ, ಆಮೇಲೆ ತೂಕ, ಆಮೇಲೆ ಔಷಧಿ. ಮತ್ತೆ 14 ದಿನ ಬಿಟ್ಟು ಪುನಃ ಲದ್ದಿ.

ನಮ್ಮ ಮಣ್ಣಿನಲ್ಲಿ ಯಾಕೆ ಇಷ್ಟು ಜಾಸ್ತಿ

ಕತ್ತೆ ಒಣ ನಾಡಿನ ಪ್ರಾಣಿ. ಬಯಲುಸೀಮೆಯಲ್ಲಿ ಮಡಿವಾಳರ ಮನೆಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ತಲೆಮಾರುಗಳಿಂದ ದುಡಿದಿದೆ. ಈಗ ಅದರ ಸಂಖ್ಯೆಯೇ ಕುಸಿದಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರಲ್ಲಿ 1.2 ಲಕ್ಷಕ್ಕೆ ಇಳಿದವು. ಇನ್ನೊಂದು ಕಡೆ ಹಾಲಿಗೆಂದು, ಗೊಬ್ಬರಕ್ಕೆಂದು ಕತ್ತೆ ಸಾಕುವವರು ಹುಟ್ಟಿಕೊಂಡಿದ್ದಾರೆ. 2022ರಲ್ಲಿ ಬಂಟ್ವಾಳ ತಾಲ್ಲೂಕಿನ ಇರಾದಲ್ಲಿ ಕತ್ತೆ ಫಾರ್ಮ್ ಶುರುವಾದ ಸುದ್ದಿ ಪತ್ರಿಕೆಗಳಲ್ಲಿ ಬಂದಮೇಲೆ ನಮ್ಮ ಕಡೆಯೂ ಆಸೆ ಹುಟ್ಟಿದವರಿದ್ದಾರೆ.

ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆ ಬಯಲುಸೀಮೆಯ ಮಳೆಯಲ್ಲ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿಲಿಮೀಟರ್ ದಾಟುವುದು ಮಾಮೂಲು. ಲದ್ದಿಯ ಜೊತೆ ಹೊರಬಿದ್ದ ಹುಳದ ಮೊಟ್ಟೆಗೆ ಬೇಕಾದದ್ದು ಬೆಚ್ಚಗಿನ ತೇವ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಅದಕ್ಕೆ ಬರವೇ ಇಲ್ಲ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿಹುಳ ಹೊರಬರುತ್ತದೆ. ಸುಮಾರು ಒಂದು ವಾರದಲ್ಲಿ ಅದು ಸೋಂಕು ತಗುಲಿಸುವ ಹಂತ ಮುಟ್ಟಿ, ಹುಲ್ಲಿನ ಮೇಲಿನ ನೀರಿನ ಪದರದಲ್ಲೇ ಈಜಿಕೊಂಡು ಮೇಲೆ ಹತ್ತುತ್ತದೆ. ಕತ್ತೆ ಆ ಹುಲ್ಲು ಕಿತ್ತಾಗ ಒಳಗೆ ಹೋಗುತ್ತದೆ.

ಇದಕ್ಕೆ ನಮ್ಮ ಸೊಪ್ಪಿನ ಕೊಟ್ಟಿಗೆಯೂ ಸೇರಿಕೊಳ್ಳುತ್ತದೆ. ದನಕ್ಕೆ ಸೊಪ್ಪು, ದರಗು ಹಾಸಿ ಹಾಸಿ ಮಳೆಗಾಲವಿಡೀ ಮೇಲೇರಿಸಿ, ಕೊನೆಗೆ ತೋಟಕ್ಕೆ ಗೊಬ್ಬರ ಹೊಡೆಯುವುದು ನಮ್ಮ ಹಿರಿಯರ ಪದ್ಧತಿ. ಅಡಿಕೆಗೆ ಅದು ಬಂಗಾರ. ಅದೇ ಹಾಸಿನ ಮೇಲೆ ಕತ್ತೆಮರಿ ಮಲಗಿ, ಅಲ್ಲೇ ಮುಸುಡಿ ಆಡಿಸಿ, ಅಲ್ಲೇ ಬಿದ್ದ ಹುಲ್ಲು ತಿಂದರೆ ಪ್ರತಿದಿನ ಮೊಟ್ಟೆ ನುಂಗಿದ ಹಾಗೆ. ಕತ್ತೆಯ ಕೊಟ್ಟಿಗೆಯನ್ನು ದನದ ಕೊಟ್ಟಿಗೆಯ ಲೆಕ್ಕದಲ್ಲಿ ಕಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಯಾವ ಹುಳ, ಎಲ್ಲಿ ಕೂರುತ್ತದೆ

ಎಲ್ಲ ಹುಳವೂ ಒಂದೇ ಅಲ್ಲ. ಔಷಧಿಯೂ ಒಂದೇ ಅಲ್ಲ. ಅದಕ್ಕೇ ಇವುಗಳ ಪರಿಚಯ ಇರಲಿ.

ದೊಡ್ಡ ಕತ್ತೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಸಣ್ಣ ಸ್ಟ್ರಾಂಗೈಲ್ ಹುಳಗಳು. ಕೂದಲೆಳೆಯಂಥವು, ಎರಡೂವರೆ ಸೆಂಟಿಮೀಟರ್ ಒಳಗೆ. ದೊಡ್ಡ ಕರುಳಿನಲ್ಲಿರುತ್ತವೆ. ಇವುಗಳ ಮರಿಗಳು ಕರುಳಿನ ಗೋಡೆಯೊಳಗೆ ಗಂಟು ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರಬಲ್ಲವು. ಆಗ ಮೊಟ್ಟೆ ಇಡುವುದಿಲ್ಲ, ಲದ್ದಿ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಒಂದು ದಿನ ಎಲ್ಲ ಒಟ್ಟಿಗೆ ಎದ್ದು ಗೋಡೆ ಒಡೆದು ಬಂದರೆ ನೀರಿನಂಥ ಭೇದಿ, ಕೆಲವೇ ದಿನದಲ್ಲಿ ಪ್ರಾಣಿ ಒಣಗಿಹೋಗುತ್ತದೆ. ಲೆಕ್ಕ ಕಡಿಮೆ ಬಂದಿದ್ದರೂ ಭೇದಿ ನಿಲ್ಲದಿದ್ದರೆ ಇದನ್ನು ನೆನಪಿಡಿ.

ದೊಡ್ಡ ಸ್ಟ್ರಾಂಗೈಲ್‌ಗಳ ಪೈಕಿ ಒಂದು ಜಾತಿಯ ಮರಿಗಳು ಕರುಳಿಗೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ ಬೆಳೆಯುತ್ತವೆ. ನಾಳ ಕಟ್ಟಿದರೆ ಕರುಳಿನ ತುಂಡೇ ಸಾಯುತ್ತದೆ.

ಮರಿಗಳ ಶತ್ರು ಬೇರೆ. ಅದೇ ನಮ್ಮ ಮರಿಯನ್ನು ಕೊಂದ ದುಂಡುಹುಳ, ಪ್ಯಾರಾಸ್ಕಾರಿಸ್. ಹೆಣ್ಣುಹುಳ ಅರ್ಧ ಮೀಟರ್‌ವರೆಗೂ ಬೆಳೆಯಬಹುದು, ದಿನಕ್ಕೆ ಲಕ್ಷಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಸಿಪ್ಪೆ ದಪ್ಪ, ಅಂಟು. ಮಣ್ಣಿನಲ್ಲಿ, ಗೋಡೆಯ ಬಿರುಕಿನಲ್ಲಿ, ಗೋದಲಿಯ ಮರದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮರಿಯ ಹೊಟ್ಟೆಯಲ್ಲಿ ಒಡೆದು, ಯಕೃತ್ತಿಗೆ ಹೋಗಿ, ಶ್ವಾಸಕೋಶಕ್ಕೆ ಹತ್ತಿ, ಕೆಮ್ಮಿದಾಗ ಗಂಟಲಿಗೆ ಬಂದು, ನುಂಗಿದಾಗ ಪುನಃ ಕರುಳಿಗೆ ಇಳಿಯುತ್ತದೆ. ಈ ಸುತ್ತು ಮುಗಿದು ಮೊಟ್ಟೆ ಶುರುವಾಗಲು 10ರಿಂದ 12 ವಾರ ಬೇಕು. ಅಂದರೆ ಎರಡು ತಿಂಗಳ ಮರಿಯ ಲದ್ದಿ ಸ್ವಚ್ಛ ಅಂತ ಬಂದರೂ ಒಳಗೆ ಹುಳ ಇರಬಹುದು. ಮೂರು ತಿಂಗಳ ಮರಿ ಸುಮ್ನೆ ಕೆಮ್ಮುತ್ತಿದ್ದರೆ ಶೀತ ಅಂತ ತಳ್ಳಿಹಾಕಬೇಡಿ. ಒಂದು ವರ್ಷ ದಾಟುವ ಹೊತ್ತಿಗೆ ಮೈಯೇ ಈ ಹುಳವನ್ನು ತಡೆಯಲು ಕಲಿಯುತ್ತದೆ.

ಬಾಲದ ಬುಡ ಉಜ್ಜಿ ಉಜ್ಜಿ ಕೂದಲು ಉದುರಿದ್ದರೆ ಸೂಜಿಹುಳ. ಅದರ ಮೊಟ್ಟೆ ಲದ್ದಿಯಲ್ಲಿ ಅಪರೂಪ. ಗುದದ ಸುತ್ತ ಸೆಲ್ಲೋಟೇಪ್ ಒತ್ತಿ ತೆಗೆದು ಗಾಜಿನ ಮೇಲೆ ಅಂಟಿಸಿ ನೋಡಬೇಕು. ಲಾಡಿಹುಳವೂ ಉಂಟು. ಮುಂಗಾಲಿನ ಕೂದಲಿಗೆ ಹಳದಿ ಚುಕ್ಕಿಗಳಂತೆ ಮೊಟ್ಟೆ ಅಂಟಿದ್ದರೆ ಅದು ಬಾಟ್ ನೊಣದ್ದು, ಮರಿಗಳು ಹೊಟ್ಟೆಯ ಒಳಗೋಡೆಗೆ ಕಚ್ಚಿ ಕೂರುತ್ತವೆ. ಕತ್ತೆಗೆ ಶ್ವಾಸಕೋಶದ ಹುಳವೂ ಇದೆ. ಕತ್ತೆಯಲ್ಲಿ ಅದು ಸದ್ದಿಲ್ಲದೆ ಇರುತ್ತದೆ, ಜೊತೆಗೆ ಮೇಯುವ ಕುದುರೆಗೆ ಕೆಮ್ಮು ಹತ್ತಿಸುತ್ತದೆ.

ಗದ್ದೆಬಯಲಿನವರಿಗೆ ಇನ್ನೊಂದಿದೆ, ಯಕೃತ್ತಿನ ಚಪ್ಪಟೆಹುಳ. ಇದು ಕೆಸರುಗದ್ದೆ, ಹಳ್ಳದ ಅಂಚಿನ ಸಣ್ಣ ಬಸವನಹುಳುಗಳ ಮೂಲಕ ಬರುತ್ತದೆ. ದನಕ್ಕೆ ಇದು ಎಷ್ಟು ಕಾಟ ಕೊಡುತ್ತದೆ ಅಂತ ಗದ್ದೆಯ ಜನಕ್ಕೆ ಹೇಳಬೇಕಾಗಿಲ್ಲ. ಕತ್ತೆಗೂ ಬರುತ್ತದೆ.

ಹಂತ 1: ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ

ಕತ್ತೆ ನೋವು ತೋರಿಸುವ ಪ್ರಾಣಿಯಲ್ಲ. ಹೊಟ್ಟೆನೋವು ಬಂದ ಕುದುರೆ ಕೆಡೆದು ಒದ್ದಾಡುತ್ತದೆ. ಕತ್ತೆ ಎಷ್ಟೋ ಸಲ ಸುಮ್ಮನೆ ಮೂಲೆ ಹಿಡಿದು ನಿಲ್ಲುತ್ತದೆ, ಅಷ್ಟೆ. ಅದು ಹೊರಳಾಡುವ ಹೊತ್ತಿಗೆ ತೊಂದರೆ ಬಹಳ ಮುಂದೆ ಹೋಗಿರುತ್ತದೆ.

ಆದ್ದರಿಂದ ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಪ್ರತಿಯೊಂದನ್ನೂ ಮುಟ್ಟಿ ನೋಡಿ. ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ. ಪಕ್ಕೆ ಸವರಿದಾಗ ಎಲುಬು ಸ್ವಲ್ಪ ಒತ್ತಿದರೆ ಸಿಗಬೇಕು. ಒತ್ತದೆಯೇ ಎಣಿಸಲು ಬಂದರೆ ಬಡಕಲಾಗಿದೆ. ಕುತ್ತಿಗೆಯ ಮೇಲಿನ ಕೊಬ್ಬನ್ನು ನೋಡಿ ನಿರ್ಧರಿಸಬೇಡಿ, ಅದು ಬಡಕಲು ಕತ್ತೆಯಲ್ಲೂ ಉಳಿದಿರುತ್ತದೆ. ಕೆಳರೆಪ್ಪೆ ಎಳೆದು, ವಸಡು ನೋಡಿ: ಗುಲಾಬಿ ಬಣ್ಣ ಇರಬೇಕು, ಬಿಳಿಚಿದ್ದರೆ ರಕ್ತ ಕಡಿಮೆ. ಹೊಟ್ಟೆಯ ಅಡಿಭಾಗದಲ್ಲಿ ಊತ ಇದೆಯೇ ಅಂತ ಅಂಗೈ ಒತ್ತಿ ನೋಡಿ. ದೊಡ್ಡ ಕತ್ತೆಯ ಮೈಬಿಸಿ 36.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ನಾಡಿ ನಿಮಿಷಕ್ಕೆ 36ರಿಂದ 52.

ತೆಳ್ಳಗಾದ ಕೂಡಲೇ ಹುಳ ಅನ್ನಬೇಡಿ. ವಯಸ್ಸಾದ ಕತ್ತೆಯ ಹಲ್ಲು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೂ ಹೀಗೇ ಇಳಿಯುತ್ತದೆ. ಅಗಿದ ಹುಲ್ಲಿನ ಉಂಡೆ ಗೋದಲಿಯ ಕೆಳಗೆ ಬಿದ್ದಿದ್ದರೆ ಮೊದಲು ಬಾಯಿ ತೆಗೆಸಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕತ್ತೆ ಒಂದು ದಿನ ಮೇವು ಬಿಟ್ಟರೆ ಅದು ತುರ್ತು. ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ದಷ್ಟಪುಷ್ಟ ಕತ್ತೆಗೆ, ಗಬ್ಬದ ಕತ್ತೆಗೆ ಈ ಅಪಾಯ ಇನ್ನೂ ಜಾಸ್ತಿ. "ನಾಳೆ ನೋಡೋಣ" ಅನ್ನಬೇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಆಗಲೇ ಫೋನ್ ಮಾಡಿ. ಹೊಟ್ಟೆನೋವು ಅಂತ ಬಾಟಲಿಯಲ್ಲಿ ಎಣ್ಣೆ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಉಳಿಸುವುದು ಕಷ್ಟ.

ಹಂತ 2: ಲದ್ದಿ ಹಿಡಿಯುವುದು

ಬೆಳಿಗ್ಗೆ ಬೇಗ ಹೋಗಿ ಕಾಯಿರಿ. ಕತ್ತೆಗಳು ಕೊಟ್ಟಿಗೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೆ ಹಾಕುತ್ತವೆ. ಯಾವ ಕತ್ತೆಯದ್ದು ಅಂತ ಕಣ್ಣಾರೆ ಕಂಡಿದ್ದನ್ನೇ ತೆಗೆದುಕೊಳ್ಳಿ. ಬಿಸಿಯಿರುವಾಗಲೇ ಮೂರು ನಾಲ್ಕು ಉಂಡೆಗಳಿಂದ ಸ್ವಲ್ಪ ಸ್ವಲ್ಪ ಮುರಿದು, ಒಟ್ಟು ಒಂದು ನಿಂಬೆಹಣ್ಣಿನ ಗಾತ್ರ. ಮಣ್ಣು ತಾಗಿದ ಭಾಗ ಬೇಡ. ಪ್ಲಾಸ್ಟಿಕ್ ಕವರನ್ನೇ ಕೈಗೆ ಗವಸಿನಂತೆ ಹಾಕಿಕೊಂಡು ಎತ್ತಿ, ಒಳಹೊರಗು ಮಾಡಿ, ಗಾಳಿ ಹಿಂಡಿ ಗಂಟು ಹಾಕಿ. ಗಾಳಿ ಇದ್ದರೆ ಮೊಟ್ಟೆ ಒಡೆಯುತ್ತದೆ, ಆಮೇಲೆ ಎಣಿಸಲು ಏನೂ ಉಳಿಯುವುದಿಲ್ಲ.

ಕವರಿನ ಮೇಲೆ ಮಾರ್ಕರ್‌ನಲ್ಲಿ ಕತ್ತೆಯ ಗುರುತು, ವಯಸ್ಸು, ತಾರೀಕು, ಹಿಂದೆ ಯಾವಾಗ ಯಾವ ಔಷಧಿ ಕೊಟ್ಟಿದ್ದು ಬರೆಯಿರಿ. ನಾನು ಹಳೇ ಊಟದ ಡಬ್ಬಿಗೆ ಮಂಜುಗಡ್ಡೆಯ ಪೊಟ್ಟಣ ಹಾಕಿ, ಬಟ್ಟೆ ಸುತ್ತಿ, ಅದರ ಮೇಲೆ ಕವರುಗಳನ್ನು ಇಟ್ಟು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುತ್ತೇನೆ. ಫ್ರೀಜರ್‌ನಲ್ಲಿ ಇಡಬೇಡಿ, ಮೊಟ್ಟೆ ಕೆಡುತ್ತದೆ. ಫ್ರಿಜ್‌ನ ಕೆಳಗಿನ ಅರೆ ಸಾಕು. ಅದೇ ದಿನ ಅಥವಾ ಮಾರನೇ ದಿನ ತಲುಪಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇರುವುದು ನಮ್ಮ ಪುಣ್ಯ. ತಾಲ್ಲೂಕು ಪಶು ಆಸ್ಪತ್ರೆಯವರನ್ನೂ ಮೊದಲೇ ಕೇಳಿ.

ಕೊಡುವಾಗ ಎರಡು ಮಾತು ಹೇಳಿ. "ಹುಳ ಇದೆಯಾ ಇಲ್ವಾ ಅಂತ ಮಾತ್ರ ಬೇಡ ಸಾರ್, ಒಂದು ಗ್ರಾಂಗೆ ಎಷ್ಟು ಮೊಟ್ಟೆ ಅಂತ ಲೆಕ್ಕ ಬೇಕು" ಅನ್ನಿ. ಗದ್ದೆಯಂಚಿನಲ್ಲಿ ಮೇಯಿಸುವವರಾದರೆ ಚಪ್ಪಟೆಹುಳಕ್ಕೆ ಬೇರೆ ನೋಡಲು ಹೇಳಿ. ಅದರ ಮೊಟ್ಟೆ ಭಾರ, ಬೇರೆ ಮೊಟ್ಟೆಗಳಂತೆ ಎಣಿಕೆಗೆ ಬಳಸುವ ಉಪ್ಪುನೀರಿನಲ್ಲಿ ತೇಲುವುದಿಲ್ಲ. ತಳಕ್ಕೆ ಇಳಿಸಿ ಹುಡುಕುವ ಪರೀಕ್ಷೆ ಬೇಕು.

ಹಂತ 3: ಮನೆಯಲ್ಲೇ ಎಣಿಸುವುದಾದರೆ

ಹತ್ತು ಕತ್ತೆಗಿಂತ ಹೆಚ್ಚಿದ್ದವರು ಒಂದು ಸಾಧಾರಣ ಮೈಕ್ರೋಸ್ಕೋಪು, ಒಂದು ಮ್ಯಾಕ್‌ಮಾಸ್ಟರ್ ಸ್ಲೈಡು (ಮೊಟ್ಟೆ ಎಣಿಸಲೆಂದೇ ಗೆರೆ ಎಳೆದ, ಎರಡು ಮನೆಗಳಿರುವ ಗಾಜು) ತೆಗೆದುಕೊಳ್ಳುವುದು ಒಳ್ಳೆಯದು. ಕಲಿಯುವುದು ಕಷ್ಟವಿಲ್ಲ. ಮೊದಲ ಕೆಲವು ಸಲ ಅದೇ ಲದ್ದಿಯನ್ನು ಲ್ಯಾಬಿಗೂ ಕೊಟ್ಟು ಲೆಕ್ಕ ತಾಳೆ ನೋಡಿ.

ಒಂದು ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ ಉಪ್ಪು ಹಾಕಿ ಕದಡಿ. ತಳದಲ್ಲಿ ಕರಗದ ಉಪ್ಪು ಸ್ವಲ್ಪ ಉಳಿದರೆ ನೀರು ಹದಕ್ಕೆ ಬಂದಿದೆ. ಆರಿಸಿ. 4 ಗ್ರಾಂ ಲದ್ದಿ ತೂಗಿ, 56 ಎಂ.ಎಲ್ ಉಪ್ಪುನೀರು ಹಾಕಿ ಚೆನ್ನಾಗಿ ಕಿವುಚಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ. ಆ ಜರಡಿ ಆಮೇಲೆ ಅಡುಗೆಮನೆಗೆ ಹೋಗಕೂಡದು. ಸೋಸಿದ್ದನ್ನು ಕದಡುತ್ತಲೇ ಡ್ರಾಪರ್‌ನಲ್ಲಿ ಹೀರಿ ಸ್ಲೈಡಿನ ಎರಡೂ ಮನೆಗಳಿಗೆ ತುಂಬಿ. ಗುಳ್ಳೆ ಬರಬಾರದು. ಐದು ನಿಮಿಷ ಬಿಡಿ, ಮೊಟ್ಟೆಗಳು ತೇಲಿ ಗಾಜಿನ ಅಡಿಗೆ ಬಂದು ನಿಲ್ಲುತ್ತವೆ.

ನೂರು ಪಟ್ಟು ದೊಡ್ಡದು ಮಾಡಿ ನೋಡಿ. ಮೊದಲು ಗಾಜಿನ ಮೇಲಿನ ಗೆರೆ ಸ್ಪಷ್ಟವಾಗಲಿ, ಮೊಟ್ಟೆ ಅದೇ ಮಟ್ಟದಲ್ಲಿರುತ್ತದೆ. ಸ್ಟ್ರಾಂಗೈಲ್ ಮೊಟ್ಟೆ ಉದ್ದುರುಟು, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊನೆಯಂತೆ ಗುಂಪುಗುಂಪು. ದುಂಡುಹುಳದ್ದು ಗುಂಡಗೆ, ಕಂದು ಬಣ್ಣ, ದಪ್ಪ ಒರಟು ಸಿಪ್ಪೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಗಾಳಿಗುಳ್ಳೆಗೆ ಕಪ್ಪು ದಪ್ಪ ಅಂಚು ಇರುತ್ತದೆ, ಅದನ್ನು ಎಣಿಸಬೇಡಿ. ಗೆರೆಗಳ ಒಳಗಿರುವುದನ್ನು ಎರಡೂ ಮನೆಗಳಲ್ಲಿ ಎಣಿಸಿ ಕೂಡಿಸಿ, 50ರಿಂದ ಗುಣಿಸಿ. 16 ಮೊಟ್ಟೆ ಸಿಕ್ಕರೆ ಗ್ರಾಂಗೆ 800. ಬೇಗ ಮುಗಿಸಿ, ತಡವಾದರೆ ಉಪ್ಪು ಹರಳುಗಟ್ಟುತ್ತದೆ.

ಎಷ್ಟು ಬಂದರೆ ಔಷಧಿ? ಕುದುರೆಗಳಲ್ಲಿ ಸಾಮಾನ್ಯವಾಗಿ 200ರಿಂದ 500ರ ನಡುವೆ ಎಲ್ಲೋ ಒಂದು ಗೆರೆ ಎಳೆಯುತ್ತಾರೆ. ಕತ್ತೆ ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಸಾವಿರ ದಾಟಿದರೂ ಮೈತುಂಬಿಕೊಂಡು ಆರಾಮಾಗಿರುವ ದೊಡ್ಡ ಕತ್ತೆಗಳು ಇರುತ್ತವೆ. ಹಾಗಾಗಿ ಸಂಖ್ಯೆಯ ಜೊತೆಗೆ ವಯಸ್ಸು, ಮೈಕಟ್ಟು, ಲದ್ದಿಯ ಹದ ಎಲ್ಲ ಸೇರಿಸಿ ಡಾಕ್ಟರ್ ಜೊತೆ ಕೂತು ನಿರ್ಧರಿಸಿ. ಒಂದು ಹಿಂಡಿನಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪ್ರಾಣಿಯೇ ಬಹುಪಾಲು ಮೊಟ್ಟೆ ಉದುರಿಸುತ್ತಿರುತ್ತದೆ. ಎಣಿಸದೆ ಅದು ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಹಂತ 4: ತೂಕ

ಕಣ್ಣಂದಾಜು ಬೇಡ. ಕಡಿಮೆ ಕೊಟ್ಟರೆ ಬಲವಾದ ಹುಳ ಬದುಕಿ ಉಳಿದು ಔಷಧಿಗೇ ಜಗ್ಗದ ಸಂತತಿ ಬೆಳೆಸುತ್ತದೆ. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಸಿಕ್ಕಿದರೆ ಮರಿಗಳಿಗೆ ಅದೇ ಸಾಕು.

ದೊಡ್ಡ ಕತ್ತೆಗೆ ಟೇಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಒಂದು. ಮುಂಗಾಲಿನ ಮೊಣಕೈ ಗಂಟಿನಿಂದ ಪೃಷ್ಠದ ಮೂಳೆಯ ತುದಿವರೆಗಿನ ಉದ್ದ ಇನ್ನೊಂದು. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು 2.12ರ ಘಾತಕ್ಕೆ ಏರಿಸಿ, ಉದ್ದವನ್ನು 0.688ರ ಘಾತಕ್ಕೆ ಏರಿಸಿ, ಎರಡನ್ನೂ ಗುಣಿಸಿ 3801ರಿಂದ ಭಾಗಿಸಿ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಘಾತದ ಗುಂಡಿ ಸಿಗುತ್ತದೆ. ಸುತ್ತಳತೆ 105, ಉದ್ದ 95 ಇದ್ದರೆ ತೂಕ ಸುಮಾರು 116 ಕೆಜಿ. ಗಬ್ಬದ ಕತ್ತೆಗೆ, ಮರಿಗೆ ಈ ಲೆಕ್ಕ ಸರಿಹೋಗುವುದಿಲ್ಲ.

ಹಂತ 5: ಔಷಧಿ

ಡಾಕ್ಟರ್ ಚೀಟಿ ಇಲ್ಲದೆ ಕೊಡಬೇಡಿ. ಆದರೆ ಅವರು ಏನು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ ಅಂತ ನಮಗೂ ತಿಳಿದಿರಲಿ.

ಫೆನ್‌ಬೆಂಡಜೋಲ್ ಅನ್ನು ಸಾಮಾನ್ಯವಾಗಿ ಕೆಜಿ ತೂಕಕ್ಕೆ 7.5 ಮಿ.ಗ್ರಾಂನಂತೆ ಬಾಯಿಗೆ ಕೊಡುತ್ತಾರೆ. ಮೇಲಿನ 116 ಕೆಜಿ ಕತ್ತೆಗೆ 870 ಮಿ.ಗ್ರಾಂ. ಇದು ಹುಳವನ್ನು ನಿಧಾನಕ್ಕೆ ಉಪವಾಸ ಕೆಡವಿ ಕೊಲ್ಲುತ್ತದೆ. ಹೊಟ್ಟೆ ಉಬ್ಬಿದ ಮರಿಗೆ ದುಂಡುಹುಳ ಜಾಸ್ತಿ ಇದೆ ಅನ್ನಿಸಿದಾಗ ಡಾಕ್ಟರುಗಳು ಮೊದಲು ಇದನ್ನೇ ಆರಿಸುವುದು ಅದಕ್ಕೇ. ಆದರೆ ಸಣ್ಣ ಸ್ಟ್ರಾಂಗೈಲ್‌ಗಳು ಜಗತ್ತಿನ ಎಷ್ಟೋ ಕಡೆ ಇದಕ್ಕೆ ಜಗ್ಗುತ್ತಿಲ್ಲ.

ಐವರ್‌ಮೆಕ್ಟಿನ್ ಕೆಜಿಗೆ 0.2 ಮಿ.ಗ್ರಾಂ, ಅಂದರೆ ಅದೇ ಕತ್ತೆಗೆ ಸುಮಾರು 23 ಮಿ.ಗ್ರಾಂ, ಬಾಯಿಗೆ. ಸ್ಟ್ರಾಂಗೈಲ್‌ಗೆ, ಬಾಟ್ ಮರಿಗೆ, ಶ್ವಾಸಕೋಶದ ಹುಳಕ್ಕೆ ಒಳ್ಳೆಯದು. ದುಂಡುಹುಳಗಳು ಮಾತ್ರ ಇದಕ್ಕೆ ಬಹಳ ಕಡೆ ಒಗ್ಗಿಹೋಗಿವೆ. ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಕತ್ತೆಗೆ ಚುಚ್ಚಲೇಬಾರದು. ಚುಚ್ಚಿದ ಜಾಗ ಕೊಳೆತು ಪ್ರಾಣಕ್ಕೇ ಬರಬಹುದು. ಇನ್ನೊಂದು ವಿಷಯ ನನಗೆ ಬೇಸರ ತರಿಸುವಂಥದ್ದು: ಈ ಔಷಧಿ ಲದ್ದಿಯಲ್ಲಿ ಹೊರಬಂದು ಸಗಣಿ ದುಂಬಿಗಳ ಮರಿಗಳನ್ನು ಕೊಲ್ಲುತ್ತದೆ. ಆ ದುಂಬಿಗಳೇ ಲದ್ದಿಯನ್ನು ಮಣ್ಣಿಗೆ ಇಳಿಸಿ ಹುಳದ ಮರಿಗಳನ್ನು ಕಡಿಮೆ ಮಾಡುವವು. ಅದಕ್ಕೂ ಬೇಕಾದ ಕತ್ತೆಗೆ ಮಾತ್ರ ಕೊಡುವುದು ಮೇಲು.

ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್. ಚಪ್ಪಟೆಹುಳಕ್ಕೆ ಬೇರೆಯೇ ಔಷಧಿ, ಮೇಲಿನ ಎರಡೂ ಅದಕ್ಕೆ ಸಾಲುವುದಿಲ್ಲ. ಹಸು, ಕುರಿಗೆಂದು ಬರುವ ಎಷ್ಟೋ ದ್ರವ ಔಷಧಿಗಳಲ್ಲಿ ಲೆವಮಿಸೋಲ್ ಬೆರೆತಿರುತ್ತದೆ. ಕತ್ತೆ ಕುದುರೆಗೆ ಅದರ ಸುರಕ್ಷಿತ ಅಳತೆ ತೀರಾ ಸಣ್ಣದು, ಸ್ವಲ್ಪ ಹೆಚ್ಚಾದರೂ ವಿಷ. ಲೇಬಲ್ ಓದಿಸದೆ ಬಾಟಲಿ ಬಗ್ಗಿಸಬೇಡಿ.

ಕೊಡುವಾಗ ಬಾಯಲ್ಲಿ ಹುಲ್ಲು ಇರಬಾರದು. ತಲೆ ತುಂಬಾ ಎತ್ತಬೇಡಿ. ಸಿರಿಂಜನ್ನು ಬಾಯಿಯ ಪಕ್ಕದ ಹಲ್ಲಿಲ್ಲದ ಜಾಗದಿಂದ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ನಿಧಾನ ಬಿಡಿ, ನುಂಗುವವರೆಗೆ ಗದ್ದ ಹಿಡಿದಿರಿ. ಕತ್ತೆ ಉಗಿಯುವುದರಲ್ಲಿ ಬಲು ಜಾಣ. ಅರ್ಧ ನೆಲಕ್ಕೆ ಬಿದ್ದರೆ ಆ ದಿನದ ಲೆಕ್ಕ ಕೆಟ್ಟಿತು. ಹಾಲು ಕರೆಯುವ ಕತ್ತೆಯಾದರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಡಾಕ್ಟರನ್ನು ಕೇಳಿ, ಅಷ್ಟು ದಿನ ಹಾಲು ಮಾರಬೇಡಿ.

ಬೇವು, ಪಪ್ಪಾಯಿ ಬೀಜ ಕೊಟ್ಟರೆ ಹುಳ ಹೋಗುತ್ತದೆ ಅನ್ನುವವರು ನಮ್ಮ ಕಡೆ ಬಹಳ. ಆ ನಂಬಿಕೆಯ ಮೇಲೆ ಮರಿಯ ಜೀವ ಇಡಬೇಡಿ.

ಹಂತ 6: 14ನೇ ದಿನದ ಲದ್ದಿ

ಬಹಳ ಜನ ಬಿಟ್ಟುಬಿಡುವ ಹಂತ ಇದೇ. ಔಷಧಿ ಕೊಟ್ಟ 14ನೇ ದಿನ ಅದೇ ಕತ್ತೆಯ ಲದ್ದಿ ಪುನಃ ಎಣಿಸಿ. ಮೊದಲ ಲೆಕ್ಕದಲ್ಲಿ ಎರಡನೆಯದನ್ನು ಕಳೆದು, ಮೊದಲನೆಯದರಿಂದ ಭಾಗಿಸಿ, ನೂರರಿಂದ ಗುಣಿಸಿ. 1,400 ಇದ್ದದ್ದು 350ಕ್ಕೆ ಇಳಿದರೆ 75 ಶೇಕಡಾ. ಅರೆ, ಮುಕ್ಕಾಲು ಹೋಯಿತಲ್ಲ ಅನ್ನಿಸುತ್ತದೆ, ಅಲ್ವಾ? ಸಾಲದು. ಕೆಲಸ ಮಾಡುವ ಔಷಧಿ 90, 95ರ ಮೇಲೆ ಇಳಿಸಬೇಕು. ಮೂರು ನಾಲ್ಕು ಕತ್ತೆಗಳಲ್ಲಿ ಹೀಗೇ ಬಂದರೆ ನಿಮ್ಮ ಜಾಗದ ಹುಳಕ್ಕೆ ಆ ಔಷಧಿ ಮುಟ್ಟುತ್ತಿಲ್ಲ ಅಂತ ತಿಳಿದು ಡಾಕ್ಟರ್ ಹತ್ತಿರ ಬೇರೆ ಗುಂಪಿನದ್ದು ಕೇಳಿ. ಅದನ್ನೇ ಎರಡು ಪಟ್ಟು ಕೊಡುವುದು ಪರಿಹಾರವಲ್ಲ.

ಹಂತ 7: ನೆಲ ಸ್ವಚ್ಛ

ಔಷಧಿ ಹೊಟ್ಟೆಯೊಳಗಿನ ಹುಳಕ್ಕೆ. ಹುಲ್ಲಿನ ಮೇಲಿರುವ ಮರಿಹುಳಗಳನ್ನು ಅದು ಮುಟ್ಟುವುದೇ ಇಲ್ಲ.

ಮೇಯುವ ಜಾಗದ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತಿ. ಮರಿಹುಳ ಹುಲ್ಲು ಹತ್ತಲು ವಾರ ಬೇಕು ಅಂದೆನಲ್ಲ, ಅದಕ್ಕೆ ಮೊದಲೇ ಎತ್ತಿದರೆ ಸುತ್ತು ಅಲ್ಲಿಗೇ ತುಂಡಾಯಿತು. ಕತ್ತೆಗಳು ಒಂದೇ ಕಡೆ ಗುಡ್ಡೆ ಹಾಕುವ ಅಭ್ಯಾಸದವು, ನಮ್ಮ ಕೆಲಸ ಸುಲಭ. ಮಳೆಗಾಲದಲ್ಲಿ ಲದ್ದಿಯನ್ನು ಕಾಲಲ್ಲಿ ಒದ್ದು ಚೆಲ್ಲಬೇಡಿ, ಹುಳವನ್ನು ಬಿತ್ತಿದ ಹಾಗಾಗುತ್ತದೆ. ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ಚೆಲ್ಲಿದರೆ ಒಣಗಿ ಬಹುಪಾಲು ಸಾಯುತ್ತದೆ. ಆದರೆ ಕತ್ತೆಗಳನ್ನು ಆ ಜಾಗದಿಂದ ಆಚೆ ಇಟ್ಟಿರಬೇಕು.

ಎತ್ತಿದ್ದನ್ನು ಗೊಬ್ಬರಗುಂಡಿಗೆ ಸುಮ್ನೆ ಎಸೆದರೆ ಸಾಲದು. ಎತ್ತರಕ್ಕೆ ಗುಡ್ಡೆ ಹಾಕಿ, ಸೊಪ್ಪು ಬೆರೆಸಿ, ಮೇಲೆ ಟಾರ್ಪಾಲು ಮುಚ್ಚಿ. ನಡುವಿನಲ್ಲಿ ಕೈ ಇಡಲಾಗದಷ್ಟು ಕಾವು ಏರಬೇಕು. ಎರಡು ಮೂರು ವಾರಕ್ಕೊಮ್ಮೆ ಹೊರಗಿನದು ಒಳಗೆ ಹೋಗುವಂತೆ ಮಗುಚಿ. ಚೆನ್ನಾಗಿ ಕಾದ ಗೊಬ್ಬರವನ್ನು ತೋಟಕ್ಕೆ ಹಾಕಿ. ಹಸಿ ಲದ್ದಿಯನ್ನು ಕತ್ತೆ ಮೇಯುವ ಬ್ಯಾಣಕ್ಕೆ ಎಂದೂ ಬೇಡ.

ಕೊಟ್ಟಿಗೆ ಎತ್ತರದ ಜಾಗದಲ್ಲಿರಲಿ, ನೆಲಕ್ಕೆ ಜಂಬಿಟ್ಟಿಗೆ ಹಾಸಿ ಇಳಿಜಾರು ಕೊಡಿ. ಕತ್ತೆಯ ಕೂದಲಿಗೆ ನೀರು ತಡೆಯುವ ಗುಣ ಕಡಿಮೆ. ನೆನೆದರೆ ಮೈ ಸೋಲುತ್ತದೆ. ಹಾಸಿಗೆ ಒಣ ಬತ್ತದ ಹುಲ್ಲು, ದಿನಾ ಒದ್ದೆ ತೆಗೆದು ಹೊಸದು ಹಾಕಿ. ಮೇವು ಗೋದಲಿಯಲ್ಲಿ, ನೀರು ಬಾನಿಯಲ್ಲಿ. ಬಾನಿಯನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಮರಿ ಹಾಕುವ ಜಾಗದ ಗೋಡೆ, ಗೋದಲಿಯನ್ನು ಬಿಸಿನೀರಿನಲ್ಲಿ ಒರಟು ಬ್ರಷ್ ಹಾಕಿ ಉಜ್ಜಿ. ಹಾಕುವ ಮುಂಚೆ ಮತ್ತು ಆಮೇಲೆ ತಾಯಿಯ ಕೆಚ್ಚಲನ್ನೂ ಒರೆಸಿ.

ಹುಲ್ಲನ್ನು ಬುಡಮಟ್ಟ ಮೇಯಿಸಬೇಡಿ. ಮರಿಹುಳ ಜಾಸ್ತಿ ಇರುವುದು ಬುಡದಲ್ಲೇ. ಒಂದು ಒಳ್ಳೆಯ ಸುದ್ದಿ: ದನದ ಸ್ಟ್ರಾಂಗೈಲ್ ಬೇರೆ, ಕತ್ತೆಯದ್ದು ಬೇರೆ. ಕತ್ತೆ ಮೇಯ್ದ ಜಾಗಕ್ಕೆ ಆಮೇಲೆ ದನ ಬಿಟ್ಟರೆ ಕತ್ತೆಯ ಹುಳ ದನದ ಹೊಟ್ಟೆಗೆ ಹೋಗಿ ಬಹುಪಾಲು ಅಲ್ಲೇ ಸಾಯುತ್ತದೆ. ಆದರೆ ಚಪ್ಪಟೆಹುಳ ಇಬ್ಬರಿಗೂ ಒಂದೇ. ಅದಕ್ಕೆ ಕೊಯ್ಲು ಮುಗಿದ ಗದ್ದೆಗೆ, ಹಳ್ಳದ ಅಂಚಿಗೆ ಕತ್ತೆ ಇಳಿಸಬೇಡಿ. ಗೊಣಬೆಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಒಣಗಿದ ಹುಲ್ಲು ಹಾಕಿ. ಕತ್ತೆಯ ಹೊಟ್ಟೆಗೂ ಆ ಒಣಹುಲ್ಲೇ ಹಿತ.

ಮಳೆ ನಕ್ಷತ್ರದ ಲೆಕ್ಕದಲ್ಲಿ ವರ್ಷ

ಮೃಗಶಿರ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ ಎಲ್ಲ ಕತ್ತೆಗಳ ಲದ್ದಿ ಎಣಿಸಿ. ಬ್ಯಾಣ ಹಸಿರಾಗುವ ಮೊದಲೇ ಜಾಸ್ತಿ ಮೊಟ್ಟೆ ಉದುರಿಸುವವನ್ನು ಹಿಡಿಯಬೇಕು. ಎರಡನೆಯದು ಮಘೆಯ ಹೊತ್ತಿಗೆ, ಆಗಸ್ಟ್‌ನಲ್ಲಿ. ಮೂರನೆಯದು ಸ್ವಾತಿ ಮುಗಿದಮೇಲೆ, ನವೆಂಬರ್‌ನಲ್ಲಿ. ಚಪ್ಪಟೆಹುಳದ ಪರೀಕ್ಷೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹೊಕ್ಕದ್ದು ಬೆಳೆದು ಮೊಟ್ಟೆ ಇಡಲು ಸಮಯ ಬೇಕು.

ಮರಿಗಳಿಗೆ ಈ ಲೆಕ್ಕ ಸಾಲದು. ಹುಟ್ಟಿದ ಎರಡನೇ ವಾರದಲ್ಲೇ ಭೇದಿ ಶುರುವಾದರೆ ತಾಯಿಹಾಲಿನಿಂದ ಬರುವ ಒಂದು ಸಣ್ಣ ಹುಳವೂ ಕಾರಣವಿರಬಹುದು, ಪರೀಕ್ಷೆ ಮಾಡಿಸಿ. ಎರಡು ಮೂರು ತಿಂಗಳಿಗೆ ದುಂಡುಹುಳಕ್ಕೆ ಮೊದಲ ಔಷಧಿ (ಲದ್ದಿಯಲ್ಲಿ ಮೊಟ್ಟೆ ಇನ್ನೂ ಕಾಣದ ವಯಸ್ಸು, ಇದೊಂದಕ್ಕೆ ಡಾಕ್ಟರ್ ಮಾತೇ ಆಧಾರ), ಹಾಲು ಬಿಡಿಸುವ ಹೊತ್ತಿಗೆ ಲದ್ದಿ ನೋಡಿ ಇನ್ನೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ಎರಡು ಮೂರು ತಿಂಗಳಿಗೊಮ್ಮೆ ಎಣಿಕೆ.

ಹೊಸ ಕತ್ತೆ ಬಂದಾಗ

ಹೊರಗಿನಿಂದ ತಂದ ಕತ್ತೆ ತನ್ನ ಊರಿನ ಹುಳವನ್ನೂ, ಆ ಹುಳ ಯಾವ ಔಷಧಿಗೆ ಒಗ್ಗಿದೆಯೋ ಆ ಗುಣವನ್ನೂ ಹೊತ್ತು ತರುತ್ತದೆ. ಮಾರುವವರು "ನಿನ್ನೆ ತಾನೇ ಔಷಧಿ ಹಾಕಿದ್ದೀವಿ ಅಣ್ಣಾ" ಅಂದರೂ ಇಳಿಸಿದ ಮೊದಲ ಬೆಳಿಗ್ಗೆಯೇ ಲದ್ದಿ ಹಿಡಿಯಿರಿ. ಬೇರೆ ಕೊಟ್ಟಿಗೆಯಲ್ಲಿ ಮೂರು ವಾರ ಇಡಿ, ಅದರ ಲದ್ದಿ ಬೇರೆ ಬುಟ್ಟಿಗೆ. ದಾರಿಯ ದಣಿವು ಆರಿ ಮೇವು ಹಿಡಿದಮೇಲೆ ಡಾಕ್ಟರ್ ಹೇಳಿದ ಔಷಧಿ ಕೊಡಿ. ದೂರ ಪಯಣ ಮಾಡಿ ಮೇವು ಬಿಟ್ಟ ಕತ್ತೆಗೆ ಮೊದಲು ಬೇಕಾದದ್ದು ಒಣಹುಲ್ಲು, ನೀರು, ಹಳೇ ಜೊತೆಗಾರ ಕತ್ತೆ ಇದ್ದರೆ ಅದು. ಜೊತೆ ತಪ್ಪಿದ ಕತ್ತೆ ಕೊರಗಿಯೇ ಮೇವು ಬಿಡುತ್ತದೆ, ಆದ್ದರಿಂದ ಸಾಧ್ಯವಾದರೆ ಜೋಡಿಯಾಗಿ ತನ್ನಿ. 14ನೇ ದಿನದ ಎಣಿಕೆ ಇಳಿದಿದ್ದು ಕಂಡಮೇಲೆ ಬ್ಯಾಣದ ತಡಬೆ ತೆಗೆದು ಉಳಿದವುಗಳ ಜೊತೆ ಬಿಡಿ. ಇಳಿಯದಿದ್ದರೆ ತಡಬೆ ಹಾಗೇ ಇರಲಿ.